ಗೇಮಿಂಗ್ ಕೀಬೋರ್ಡಿಗೆ ಗಿಡ್ಡ ಕೀಕ್ಯಾಪ್ ಬೇಕು, ಒಂದು ಸಲ ತಗೊಂಡು ಕೈ ಸುಟ್ಟುಕೊಂಡಿದ್ದೇನೆ

ಟಕಟಕ:

ಗೆಳೆಯರೇ, ಒಂದು ಸಲಹೆ ಬೇಕಿತ್ತು. ನನ್ನದು ನಂಬರ್ ಪ್ಯಾಡ್ ಕೂಡ ಇರುವ ದೊಡ್ಡ ಮೆಕ್ಯಾನಿಕಲ್ ಗೇಮಿಂಗ್ ಕೀಬೋರ್ಡ್, ಪ್ರತಿ ಕೀ ಕೆಳಗೂ ನಡುವೆ ತಡೆಯಿಲ್ಲದೆ ನೇರ ಇಳಿಯುವ ಕೆಂಪು ಲೀನಿಯರ್ ಸ್ವಿಚ್. ಕ್ಯಾಪ್ ಕಿತ್ತು ನೋಡಿದರೆ ಕೆಳಗೆ ಕೂಡುವ ಚಿಹ್ನೆಯ ಥರದ ಕಡ್ಡಿ ಕಾಣುತ್ತದೆ. ಸ್ವಿಚ್ ಬಗ್ಗೆ ನನಗೇನೂ ತಕರಾರಿಲ್ಲ, ಬೆಣ್ಣೆಯ ಹಾಗೆ ಇಳಿಯುತ್ತದೆ. ತಕರಾರೆಲ್ಲ ಅದರ ಟೋಪಿಯದ್ದು, ಅಂದರೆ ಬೆರಳು ಒತ್ತುವ ಕೀಕ್ಯಾಪಿನದ್ದು. ಎತ್ತರ ಜಾಸ್ತಿ.

ವರ್ಷಗಟ್ಟಲೆ ಲ್ಯಾಪ್‌ಟಾಪ್ ಕೀಗಳ ಮೇಲೆ ಬೆರಳು ಜಾರಿಸಿ ಅಭ್ಯಾಸ ಆದವನು ನಾನು. ಇದರಲ್ಲಿ ಎಸ್ ಬಿಟ್ಟು ಡಬ್ಲ್ಯೂಗೆ ಹೋಗುವಾಗ ನಡುಬೆರಳಿನ ಉಗುರು ಡಬ್ಲ್ಯೂ ಕ್ಯಾಪಿನ ಅಂಚಿಗೆ ತಗುಲಿ ಅಲ್ಲೇ ನಿಂತುಬಿಡುತ್ತದೆ. ಆಟದಲ್ಲಿ ಓಡಿಹೋಗಿ ಗೋಡೆಯ ಹಿಂದೆ ಅಡಗಬೇಕಾದವನು ನಡುರಸ್ತೆಯಲ್ಲಿ ಕಂಬದ ಹಾಗೆ ನಿಂತಿರುತ್ತಾನೆ, ಎದುರಿನವನಿಗೆ ಇನ್ನೇನು ಬೇಕು. ಒಂದು ಗಂಟೆ ಆಡಿದರೆ ಮಣಿಕಟ್ಟು ಬೇರೆ ನೋಯುತ್ತದೆ.

ಸರಿ ಅಂತ ‘ಲೋ ಪ್ರೊಫೈಲ್’ ಎಂದು ದೊಡ್ಡದಾಗಿ ಬರೆದಿದ್ದ ಒಂದು ಸೆಟ್ ತರಿಸಿದೆ. ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ, ಬಿಸ್ಕತ್ತಿನಷ್ಟು ತೆಳು. ಕಡ್ಡಿಗೂ ಸರಿಯಾಗಿ ಕೂತಿತು. ಆದರೆ ಒತ್ತಿದರೆ ಪೂರ್ತಿ ಇಳಿಯುವುದಿಲ್ಲ, ನಡುವೆಯೇ ‘ಟಕ್’ ಅಂತ ಯಾವುದಕ್ಕೋ ಬಡಿದು ನಿಲ್ಲುತ್ತದೆ. ಇನ್ನು ಸ್ಪೇಸ್‌ಬಾರ್ ಕೂರಲೇ ಇಲ್ಲ. ಹಳೆಯದಕ್ಕಿಂತ ಹೊಸದು ಚಿಕ್ಕದು, ಕೆಳಗಿನ ಕೊಳವೆಗಳೂ ಬೇರೆ ಜಾಗದಲ್ಲಿವೆ. ಸೆಟ್ ಈಗ ಡಬ್ಬಿಯಲ್ಲಿ ಮಲಗಿದೆ.

ನನ್ನ ಪ್ರಶ್ನೆ ಇಷ್ಟು. ಇದೇ ಸ್ವಿಚ್ ಇಟ್ಟುಕೊಂಡು ಎಷ್ಟು ಗಿಡ್ಡಕ್ಕೆ ಹೋಗಬಹುದು? ಒಳಗೆ ರಬ್ಬರ್ ಉಂಗುರ ಹಾಕಿದರೆ ಎತ್ತರ ಕಡಿಮೆ ಆಗುತ್ತದೆ ಅಂತ ಯಾರೋ ಹೇಳಿದರು, ನಿಜವಾ? ಅಕ್ಷರದೊಳಗಿಂದ ಬೆಳಕು ಬರುವುದು ಹಾಗೇ ಉಳಿಯಬೇಕು, ಯಾಕೆಂದರೆ ದೀಪ ಆರಿಸಿಕೊಂಡು ಆಡುವವನು ನಾನು.

ಮೂರನೇಸಾಲು:

ನಿಮ್ಮ ಸೆಟ್ ಕೆಟ್ಟದ್ದಲ್ಲ, ಅದು ಬೇರೆ ಕೀಬೋರ್ಡಿನದ್ದು ಅಷ್ಟೇ. ‘ಲೋ ಪ್ರೊಫೈಲ್’ ಅನ್ನುವ ಒಂದೇ ಪದವನ್ನು ಎರಡು ಸಾಮಾನಿಗೆ ಅಂಟಿಸಿ ಮಾರುತ್ತಾರೆ. ಒಂದು, ಮಾಮೂಲು ಎತ್ತರದ ಸ್ವಿಚ್‌ಗೆ ಹಾಕುವ ಸ್ವಲ್ಪ ಗಿಡ್ಡ ಕ್ಯಾಪ್. ಇನ್ನೊಂದು, ಸ್ವಿಚ್ಚೇ ಗಿಡ್ಡ ಇರುವ ಕೀಬೋರ್ಡಿನ ಕ್ಯಾಪ್. ನೀವು ತಂದಿರುವುದು ಎರಡನೆಯದು.

ಕ್ಯಾಪನ್ನು ಬೋರಲು ಹಾಕಿದ ಬಟ್ಟಲು ಅಂದುಕೊಳ್ಳಿ. ಕೀ ಒತ್ತಿದಾಗ ಸ್ವಿಚ್ಚಿನ ತಲೆ ಆ ಬಟ್ಟಲಿನೊಳಗೆ ಹೋಗಬೇಕು. ಮಾಮೂಲು ಎಂಎಕ್ಸ್ ಥರದ ಸ್ವಿಚ್, ಅಂದರೆ ನಿಮ್ಮದರ ಹಾಗೆ ಕೂಡುವ ಚಿಹ್ನೆಯ ಕಡ್ಡಿ ಇರುವುದು, 4 ಮಿಲಿಮೀಟರ್ ಇಳಿಯುತ್ತದೆ, 2ಕ್ಕೆ ಅಕ್ಷರ ಬೀಳುತ್ತದೆ, ಅಂದರೆ ಒತ್ತಿದ್ದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಬಟ್ಟಲಿನ ಆಳ ಸಾಲದಿದ್ದರೆ 4 ಮುಗಿಯುವ ಮೊದಲೇ ತಲೆ ಹೋಗಿ ತಳಕ್ಕೆ ಬಡಿಯುತ್ತದೆ. ನಿಮಗೆ ಕೇಳಿಸಿದ ‘ಟಕ್’ ಅದೇ. ಎಂಎಕ್ಸ್ ಮಾಡುವ ಚೆರ್ರಿ ಕಂಪನಿಯವರ ಲೋ ಪ್ರೊಫೈಲ್ ಕೆಂಪು ಸ್ವಿಚ್ ಇಳಿಯುವುದೇ 3.2, ಅಕ್ಷರ ಬೀಳುವುದು 1.2ಕ್ಕೆ. ಅದರ ತಲೆಯೂ ತಗ್ಗು. ಹಾಗಾಗಿ ಅಂಥ ಸ್ವಿಚ್ಚಿಗೆ ಬಿಸ್ಕತ್ತಿನಂಥ ಕ್ಯಾಪ್ ಸಾಕು. ಕಡ್ಡಿಯ ಆಕಾರ ಒಂದೇ ಆಗಿಬಿಟ್ಟರೆ ಎಲ್ಲ ಹೊಂದುತ್ತದೆ ಅಂತ ಎಲ್ಲರೂ ಮೋಸ ಹೋಗುವುದು ಇಲ್ಲೇ. ಕೈಲ್ ಚಾಕ್ ಅನ್ನುವ ಇನ್ನೊಂದು ಗಿಡ್ಡ ಸ್ವಿಚ್ಚಿನ ಮೊದಲ ಮಾದರಿಯಾದರೂ ವಾಸಿ, ಅದರಲ್ಲಿ ಕ್ಯಾಪಿನ ಎರಡು ಚಿಕ್ಕ ಕಾಲು ಹೋಗುವ ತೂತು ಇರುತ್ತದೆ, ಆ ಕ್ಯಾಪ್ ನಿಮ್ಮ ಕಡ್ಡಿಗೆ ಕೂರುವುದೇ ಇಲ್ಲ, ಮೋಸ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಈಗ ನಿಮಗೆ ಆಗುವಂಥದ್ದು. ಕ್ಯಾಪುಗಳ ಆಕಾರಕ್ಕೆ ಒಂದೊಂದು ಹೆಸರಿದೆ. ಗೇಮಿಂಗ್ ಕೀಬೋರ್ಡ್ ಜೊತೆ ಬರುವ ಕ್ಯಾಪ್ ಸಾಮಾನ್ಯವಾಗಿ ಓಇಎಂ ಆಕಾರದ್ದು. ಅಂಕಿಗಳ ಸಾಲಿನಲ್ಲಿ ಅದು 11 ಮಿ.ಮೀ. ದಾಟುತ್ತದೆ. ಚೆರ್ರಿ ಆಕಾರ ಅದೇ ಸಾಲಿನಲ್ಲಿ ಸುಮಾರು ಒಂಬತ್ತೂವರೆ. ಡಿಎಸ್ಎ ಎಲ್ಲ ಸಾಲಿನಲ್ಲೂ ಒಂದೇ ಎತ್ತರ, ಸುಮಾರು ಏಳೂವರೆ. ಎಕ್ಸ್‌ಡಿಎ ಕೂಡ ಒಂದೇ ಎತ್ತರ, ಆದರೆ ಒಂಬತ್ತರ ಆಸುಪಾಸು. ಎಸ್ಎ ಅಂತ ಕಂಡರೆ ಆ ಕಡೆ ತಿರುಗಿಯೂ ನೋಡಬೇಡಿ, ಅದು ಗೋಪುರ.

ಏಳೂವರೆ ಅಂತ ಓದಿದ ತಕ್ಷಣ ಡಿಎಸ್ಎಗೆ ಓಡಬೇಡಿ. ಬೆರಳು ಕೂರುವ ನಡುಸಾಲಿನಲ್ಲಿ ಚೆರ್ರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ವ್ಯತ್ಯಾಸ ಕಾಣುವುದು ಅಂಕಿಗಳ ಸಾಲಿನಲ್ಲಿ.

ಇನ್ನೊಂದು ವಿಷಯ, ನನ್ನ ಹೆಸರು ಹುಟ್ಟಿದ್ದೇ ಇದರಿಂದ. ಒಂದು ಕ್ಯಾಪ್ ಕಿತ್ತು ಸ್ವಿಚ್ಚಿನ ದೀಪ ಯಾವ ಕಡೆ ಇದೆ ನೋಡಿ. ಪರದೆಯ ಕಡೆ ಇದೆಯಾ, ನಿಮ್ಮ ಹೊಟ್ಟೆಯ ಕಡೆ ಇದೆಯಾ? ಗೇಮಿಂಗ್ ಬೋರ್ಡುಗಳಲ್ಲಿ ಬಹುಪಾಲು ಪರದೆಯ ಕಡೆಗೇ ಇರುತ್ತದೆ, ಕ್ಯಾಪಿನ ಮೇಲ್ಭಾಗದಲ್ಲಿರುವ ಅಕ್ಷರಕ್ಕೆ ಬೆಳಕು ಚೆನ್ನಾಗಿ ಬೀಳಲಿ ಅಂತ. ಹಾಗಿದ್ದಾಗ ಸ್ವಿಚ್ಚಿನ ಇನ್ನೊಂದು ಬದಿಯ ಅಂಚು ನಮ್ಮ ಕಡೆಗೆ ಬರುತ್ತದೆ, ಚೆರ್ರಿ ಕ್ಯಾಪಿನ ಒಳಗೋಡೆ ತಗ್ಗಿರುವುದೂ ಅಲ್ಲೇ. ಅಂಕಿಗಳದ್ದು ಒಂದನೇ ಸಾಲು ಅಂತ ಎಣಿಸಿದರೆ ಎ, ಎಸ್, ಡಿ ಇರುವ ಮೂರನೇ ಸಾಲಿನಲ್ಲಿ ಒಂದಕ್ಕೊಂದು ತಗುಲುತ್ತದೆ. ನಾನು ಇಡೀ ಸೆಟ್ ಹಾಕಿ ಮುಗಿಸಿದ ಮೇಲೆ ಗೊತ್ತಾಯಿತು. ಮಿಕ್ಕ ಸಾಲೆಲ್ಲ ‘ದಬ್’, ಆ ಒಂದು ಸಾಲು ಮಾತ್ರ ‘ಟಪ್’.

ಅದನ್ನು ಪತ್ತೆ ಮಾಡಲು ಒಂದು ಸುಲಭ ದಾರಿ ಇದೆ. ಪೇಪರಿನಿಂದ ಅಕ್ಕಿಕಾಳು ಉದ್ದದಷ್ಟು ಅಗಲದ ಒಂದು ಪಟ್ಟಿ ಹರಿದುಕೊಳ್ಳಿ. ಕ್ಯಾಪ್ ತೆಗೆದು, ಕಡ್ಡಿಗೂ ನಿಮಗೂ ನಡುವೆ, ಸ್ವಿಚ್ಚಿನ ತಲೆಯ ಅಂಚಿನ ಮೇಲೆ ಪಟ್ಟಿ ಇಡಿ. ಒಂದು ತುದಿ ಹೊರಗೆ ಇಣುಕುತ್ತಿರಲಿ. ಕ್ಯಾಪ್ ಹಾಕಿ, ತಳ ಮುಟ್ಟುವವರೆಗೆ ಒತ್ತಿ ಹಿಡಿದು, ಪಟ್ಟಿ ಎಳೆಯಿರಿ. ಸಲೀಸಾಗಿ ಬಂದರೆ ತಗುಲುತ್ತಿಲ್ಲ. ಹಿಡಿದುಕೊಂಡರೆ ತಗುಲುತ್ತಿದೆ.

ಅಡ್ಡಪಟ್ಟಿ:

ಸ್ಪೇಸ್‌ಬಾರ್ ವಿಷಯಕ್ಕೆ ನಾನು ಬರುತ್ತೇನೆ, ಅದರಲ್ಲಿ ನನ್ನದೂ ಒಂದು ಸೆಟ್ ಡಬ್ಬಿ ಸೇರಿದೆ. ಈಗ ನೆಂಟರ ಮಗು ಅದನ್ನು ಜೋಡಿಸಿ ರೈಲು ಮಾಡಿ ಆಡುತ್ತದೆ.

ಮಾಮೂಲು ಬೋರ್ಡಿನ ಕೆಳಸಾಲಿನಲ್ಲಿ ಎಡಕ್ಕೆ ಮೂರು, ಬಲಕ್ಕೆ ನಾಲ್ಕು ಕೀ, ಎಲ್ಲವೂ 1.25 ಯೂನಿಟ್, ನಡುವೆ ಸ್ಪೇಸ್‌ಬಾರ್ 6.25. ಒಂದು ಯೂನಿಟ್ ಅಂದರೆ ಒಂದು ಕೀ ನಡುವಿನಿಂದ ಪಕ್ಕದ ಕೀ ನಡುವಿಗೆ 19.05 ಮಿ.ಮೀ. ಹಳೆಯ ಗೇಮಿಂಗ್ ಬೋರ್ಡುಗಳಲ್ಲಿ ಇದನ್ನು ಮನಸ್ಸಿಗೆ ಬಂದಂತೆ ಬದಲಿಸಿಬಿಟ್ಟಿದ್ದರು. ಕಂಟ್ರೋಲ್ 1.5, ವಿಂಡೋಸ್ 1, ಆಲ್ಟ್ 1.25, ಸ್ಪೇಸ್ 6.5, ಹೀಗೆ. ಕೂಡಿದರೆ ಮೊತ್ತ ಅದೇ 15 ಬರುತ್ತದೆ, ಆದ್ದರಿಂದ ಫೋಟೋ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಸ್ಕೇಲ್ ಇಡಿ. ಕ್ಯಾಪ್ ತನ್ನ ಜಾಗಕ್ಕಿಂತ ಸುಮಾರು 1 ಮಿ.ಮೀ. ಕಡಿಮೆ ಇರುತ್ತದೆ, ಪಕ್ಕದ್ದಕ್ಕೆ ಉಜ್ಜಬಾರದಲ್ಲ. ಹಾಗಾಗಿ ಸ್ಪೇಸ್‌ಬಾರ್ ಸುಮಾರು 118 ಬಂದರೆ ಅದು 6.25, ನಿಮ್ಮ ಅದೃಷ್ಟ. 123 ಬಂದರೆ 6.5. ಎಡಗಡೆಯ ಕಂಟ್ರೋಲ್ 23ರ ಹತ್ತಿರ ಇದ್ದರೆ 1.25, ಇಪ್ಪತ್ತೇಳೂವರೆ ಇದ್ದರೆ 1.5. ನೀವು ಹೇಳುವುದು ನೋಡಿದರೆ ನಿಮ್ಮದು ಎರಡನೇ ಜಾತಿ.

ಹಾಗಿದ್ದರೆ ದಾರಿ ಎರಡು. 6.5 ಸ್ಪೇಸ್ ಮತ್ತು 1.5 ಕಂಟ್ರೋಲ್ ಇರುವ ಸೆಟ್ಟನ್ನೇ ಹುಡುಕಬೇಕು. ಸಿಗುತ್ತವೆ, ಆದರೆ ಆಯ್ಕೆ ಕಡಿಮೆ. ಇಲ್ಲದಿದ್ದರೆ ಮೇಲಿನ ಸಾಲುಗಳಿಗೆ ಹೊಸದು ಹಾಕಿ ಕೆಳಸಾಲು ಹಳೆಯದನ್ನೇ ಬಿಡಬೇಕು. ಎರಡನೆಯದು ಕೇಳಲು ಜುಗ್ಗತನ ಅನಿಸುತ್ತದೆ, ಆದರೆ ಕಪ್ಪಿಗೆ ಕಪ್ಪು ಇದ್ದರೆ ಯಾರಿಗೂ ಕಾಣುವುದಿಲ್ಲ. ಕತ್ತಲಲ್ಲಿ ಆಡುತ್ತೇನೆ ಅಂತ ನೀವೇ ಹೇಳಿದ್ದೀರಿ.

ದೊಡ್ಡ ಕೀ ಕೀಳುವಾಗ ಹುಷಾರು. ಶಿಫ್ಟ್, ಎಂಟರ್, ಸ್ಪೇಸ್ ಕೆಳಗೆ ಅಡ್ಡಕ್ಕೆ ಒಂದು ತಂತಿ ಇರುತ್ತದೆ. ಕೆಲವು ಬೋರ್ಡಿನಲ್ಲಿ ಆ ತಂತಿ ಕ್ಯಾಪಿಗೇ ಸಿಕ್ಕಿಸಿದ ಚಿಕ್ಕ ಪ್ಲಾಸ್ಟಿಕ್ ಕೊಕ್ಕೆಯಲ್ಲಿ ಕೂತಿರುತ್ತದೆ. ಹಾಗಿದ್ದರೆ ಆ ಕೊಕ್ಕೆಗಳನ್ನು ಹಳೆಯ ಕ್ಯಾಪಿನಿಂದ ಬಿಡಿಸಿ ಹೊಸದಕ್ಕೆ ಹಾಕಬೇಕು. ಜೋರಾಗಿ ಎಳೆದರೆ ಕೊಕ್ಕೆ ಹಾರಿ ಎಲ್ಲಿ ಬೀಳುತ್ತದೋ ದೇವರೇ ಬಲ್ಲ. ನಾನು ಮಂಚದ ಕೆಳಗೆ ಟಾರ್ಚ್ ಹಿಡಿದು ಅರ್ಧ ಗಂಟೆ ಹುಡುಕಿದ್ದೇನೆ.

ನಿಧಾನಿ:

ಎಲ್ಲರೂ ಕ್ಯಾಪ್ ಕ್ಯಾಪ್ ಅನ್ನುತ್ತಿದ್ದೀರಿ, ಮಣಿಕಟ್ಟು ನೋಯುತ್ತದೆ ಅಂದಿದ್ದನ್ನು ಯಾರೂ ಕೇಳಿಸಿಕೊಳ್ಳಲೇ ಇಲ್ಲವಲ್ಲ.

ಮಾರಾಯರೇ, ಕ್ಯಾಪ್ ಬದಲಿಸಿದರೆ ನಿಮಗೆ ಸಿಗುವುದು ಒಂದೆರಡು ಮಿಲಿಮೀಟರ್. ಕೀಬೋರ್ಡಿನ ಹಿಂದಿನ ಕಾಲು ಮಡಚಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ, ಅದೂ ಬಿಟ್ಟಿ. ಕಾಲು ಎತ್ತಿ ಇಟ್ಟರೆ ಹಿಂದಿನ ಸಾಲು ಮೇಲೇಳುತ್ತದೆ, ಅಂಗೈ ಹಿಂದಕ್ಕೆ ಬಾಗುತ್ತದೆ, ಹಾಗೇ ಒಂದು ಗಂಟೆ ಕೂತರೆ ನೋಯದೆ ಇನ್ನೇನು. ಮೊದಲು ಕಾಲು ಮಡಚಿ. ಅಂಗೈ ಕೆಳಗೆ ಕೀಬೋರ್ಡಿನ ಮುಂದಿನ ಅಂಚಿನಷ್ಟೇ ಎತ್ತರದ ಏನಾದರೂ ಇಡಿ, ಒಂದು ಟವೆಲ್ ಸುತ್ತಿ ಇಟ್ಟರೂ ಪರೀಕ್ಷೆಗೆ ಸಾಕು. ಕುರ್ಚಿ ಸ್ವಲ್ಪ ಏರಿಸಿ. ವಾರ ನೋಡಿ, ಆಮೇಲೆ ಕ್ಯಾಪ್ ಮಾತು.

ಉಂಗುರದ ಬಗ್ಗೆ ನಿಮಗೆ ಹೇಳಿದವರು ಅರ್ಧ ಹೇಳಿದ್ದಾರೆ. ಅದು ಕಡಿಮೆ ಮಾಡುವುದು ಕೀ ಇಳಿಯುವ ದೂರವನ್ನು, 0.2ರಿಂದ 0.4 ಮಿ.ಮೀ., ದಪ್ಪದ ಮೇಲೆ ಹೋಗುತ್ತದೆ. ತಳ ಬಡಿಯುವ ಸದ್ದೂ ಮೆತ್ತಗಾಗುತ್ತದೆ. ಒತ್ತದೆ ಸುಮ್ನೆ ಕೂತಿರುವ ಕ್ಯಾಪಿನ ಎತ್ತರ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಮತ್ತೆ, ಗಿಡ್ಡ ಕ್ಯಾಪ್ ಹಾಕಿದರೆ ಕೀ ಬೇಗ ಬೀಳುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಕ್ಷರ ಬೀಳುವ ಆ 2 ಮಿಲಿಮೀಟರ್ ಇರುವುದು ಸ್ವಿಚ್ಚಿನೊಳಗೆ.

ಒಂದು ಪುಕ್ಕಟೆ ಪ್ರಯೋಗ ಹೇಳುತ್ತೇನೆ. ಓಇಎಂ ಕ್ಯಾಪುಗಳಲ್ಲಿ ಪ್ರತಿ ಸಾಲಿನ ಇಳಿಜಾರು ಬೇರೆ ಬೇರೆ. ನಡುಸಾಲಿನಲ್ಲಿ ನೀವು ಆಟಕ್ಕೆ ಬಳಸದ ಕೀ ಇರುತ್ತವಲ್ಲ, ಕೆ, ಎಲ್, ಎಚ್, ಅಂಥವು ಮೂರು ಕಿತ್ತು ಕ್ಯೂ, ಡಬ್ಲ್ಯೂ, ಇ ಜಾಗಕ್ಕೆ ಹಾಕಿ ಆಡಿ ನೋಡಿ. ಉಗುರು ತಗುಲುವುದು ನಿಂತರೆ ನಿಮ್ಮ ರೋಗ ಎತ್ತರವಲ್ಲ, ಅಂಚು.

ಟಕಟಕ:

ನಾಲ್ಕು ದಿನ ಸುಮ್ಮನಿದ್ದೆ, ಎಲ್ಲ ಮಾಡಿ ನೋಡಿಯೇ ಬರೋಣ ಅಂತ.

ನಿಧಾನಿಯವರೇ, ಕಾಲು ಎತ್ತಿಯೇ ಇಟ್ಟಿದ್ದೆ. ತಂದ ದಿನ ಎತ್ತಿದ್ದು, ಆಮೇಲೆ ಯಾರು ನೋಡಿದರು. ಮಡಚಿದೆ, ಟವೆಲ್ ಇಟ್ಟೆ. ಮಣಿಕಟ್ಟಿನ ನೋವು ಅರ್ಧಕ್ಕರ್ಧ ಕಡಿಮೆಯಾಗಿದೆ. ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆ ಆಗುತ್ತಿದೆ.

ಕ್ಯಾಪ್ ಅದಲುಬದಲು ಕೂಡ ಮಾಡಿದೆ. ಕೈಗೆ ಮೊದಲು ಬಂದದ್ದು ಜೆ, ಅದೇ ಡಬ್ಲ್ಯೂ ಜಾಗಕ್ಕೆ ಹೋಯಿತು. ಉಗುರು ತಗುಲುವುದು ಪೂರ್ತಿ ನಿಂತಿಲ್ಲ, ಆದರೆ ಹತ್ತಕ್ಕೆ ಎಂಟು ಸಲ ಜಾರಿಕೊಂಡು ಹೋಗುತ್ತದೆ. ಜೆ ಮೇಲಿನ ಆ ಚಿಕ್ಕ ಗೀಟು ಇನ್ನೊಂದು ಲಾಭ ಕೊಟ್ಟಿತು, ಕತ್ತಲಲ್ಲಿ ಕೈ ತೆಗೆದು ಇಟ್ಟರೆ ಬೆರಳಿಗೆ ಡಬ್ಲ್ಯೂ ತಾನಾಗಿ ಸಿಗುತ್ತದೆ. ಆಫೀಸಿನ ಮೇಲ್ ಟೈಪ್ ಮಾಡುವಾಗ ಮಾತ್ರ ಎರಡು ಕೈಯೂ ದಾರಿ ತಪ್ಪುತ್ತವೆ.

ಸ್ಪೇಸ್‌ಬಾರ್ 123. ಕಂಟ್ರೋಲ್ ಇಪ್ಪತ್ತೇಳೂವರೆ. ಅಡ್ಡಪಟ್ಟಿಯವರು ಹೇಳಿದ ಎರಡನೇ ಜಾತಿಯೇ.

ದೀಪ ಪರದೆಯ ಕಡೆಗಿದೆ. ಗೆಳೆಯನ ಹತ್ತಿರ ಚೆರ್ರಿ ಆಕಾರದ ಸೆಟ್ ಇದೆ, ಅವನ ಎಸ್ ಕ್ಯಾಪ್ ಒಂದನ್ನೇ ಇಸಿದುಕೊಂಡು ಬಂದು ಪೇಪರ್ ಪರೀಕ್ಷೆ ಮಾಡಿದೆ. ಪಟ್ಟಿ ಹಿಡಿದುಕೊಂಡಿತು. ಗಟ್ಟಿಯಾಗಿ ಅಲ್ಲ, ಎಳೆದರೆ ಹರಿಯದೆ ಬರುತ್ತದೆ, ಆದರೆ ಉಜ್ಜುವುದು ಕೈಗೆ ಗೊತ್ತಾಗುತ್ತದೆ. ಬೇಜಾರೆಂದರೆ, ಆ ಕ್ಯಾಪ್ ಮೇಲೆ ಬೆರಳು ಎಷ್ಟು ಹಿತವಾಗಿ ಕೂತಿತು! ಈಗ ಏನು ಮಾಡಲಿ? ಬಿಟ್ಟು ಎಕ್ಸ್‌ಡಿಎಗೆ ಹೋಗಲಾ?

ಮೂರನೇಸಾಲು:

ಹಗುರವಾಗಿ ಹಿಡಿಯುತ್ತಿದೆ ಅಂದರೆ ಚೆರ್ರಿ ಬಿಡಬೇಕಾಗಿಲ್ಲ. ನಿಧಾನಿ ಹೇಳಿದ ಉಂಗುರ ಇದೆಯಲ್ಲ, ಎತ್ತರಕ್ಕೆ ಉಪಯೋಗವಿಲ್ಲ ಅಂದರಲ್ಲ, ಅದಕ್ಕೆ ಇಲ್ಲಿ ಕೆಲಸ ಇದೆ. ಮೂರನೇ ಸಾಲಿನ ಕ್ಯಾಪುಗಳಿಗೆ ತೆಳು ಉಂಗುರ ಹಾಕಿ. ಕೀ 0.2 ಮಿ.ಮೀ. ಮೊದಲೇ ಮೆತ್ತಗೆ ನಿಲ್ಲುತ್ತದೆ, ಗೋಡೆ ಅಂಚಿಗೆ ತಗುಲುವ ಮೊದಲೇ. ಮತ್ತೆ ಪೇಪರ್ ಇಟ್ಟು ನೋಡಿ, ಸಲೀಸಾಗಿ ಬಂದರೆ ಮುಗಿಯಿತು. ಒಂದು ಸಾಲಿಗೆ ಮಾತ್ರ ಹಾಕಿದರೆ ಆ ಸಾಲು ಬೇರೆ ಥರ ಅನಿಸುತ್ತದೆ, ಅದು ಸಹಿಸದವರು ಎಲ್ಲಕ್ಕೂ ಹಾಕುತ್ತಾರೆ. ನಾನು ಎಲ್ಲಕ್ಕೂ ಹಾಕಿ, ರಬ್ಬರ್ ಒತ್ತಿದ ಹಾಗೆ ಆಗುತ್ತದೆ ಅಂತ ಬೇಜಾರಾಗಿ, ಮತ್ತೆ ಒಂದೇ ಸಾಲಿಗೆ ಇಳಿದೆ.

ಎಕ್ಸ್‌ಡಿಎ ನನ್ನ ಬೋರ್ಡಿನಲ್ಲಿ ತಗುಲಲಿಲ್ಲ. ಮೇಲ್ಭಾಗ ಅಗಲ, ಸಪಾಟು, ಜಾರುವುದಕ್ಕೆ ಚೆನ್ನಾಗಿದೆ. ಆದರೆ ಎಲ್ಲ ಸಾಲು ಸಮ ಇರುವುದರಿಂದ ಅಂಕಿಗಳ ಸಾಲು ಬೆರಳಿಗೆ ದೂರ ಅನಿಸುತ್ತದೆ. ಆಟದಲ್ಲಿ 1, 2, 3 ಒತ್ತಿ ಆಯುಧ ಬದಲಿಸುವವನಿಗೆ ಅದು ಚಿಕ್ಕ ವಿಷಯವಲ್ಲ. ನಾನು 3 ಒತ್ತಲು ಹೋಗಿ ಇ ಒತ್ತಿ, ಇದ್ದ ಒಂದೇ ಬಾಂಬನ್ನು ನೆಲಕ್ಕೆ ಹಾಕಿದ್ದೇನೆ.

ಬೆಳಕು ಬೇಕು ಅಂದಿರಿ. ಹಾಗಾದರೆ ‘ಡಬಲ್‌ಶಾಟ್’ ಮತ್ತು ‘ಶೈನ್‌ಥ್ರೂ’ ಎರಡೂ ಬರೆದಿರಬೇಕು. ಡಬಲ್‌ಶಾಟ್ ಅಂದರೆ ಅಕ್ಷರವೂ ಬೇರೆ ಪ್ಲಾಸ್ಟಿಕ್ಕಿನದ್ದೇ, ಅಚ್ಚಿನಲ್ಲಿ ಸೇರಿಸಿದ್ದು, ಎಷ್ಟು ಉಜ್ಜಿದರೂ ಅಳಿಯುವುದಿಲ್ಲ. ಆದರೆ ಒಳಗಿನ ಪ್ಲಾಸ್ಟಿಕ್ ಪಾರದರ್ಶಕ ಆಗಿರದಿದ್ದರೆ ಬೆಳಕು ಬರುವುದಿಲ್ಲ, ಅದಕ್ಕೇ ಎರಡನೇ ಪದವೂ ಬೇಕು. ಡೈಸಬ್ ಅಂತ ಇದ್ದರೆ ಬಣ್ಣ ಪ್ಲಾಸ್ಟಿಕ್ಕಿನೊಳಗೆ ಇಳಿದಿರುತ್ತದೆ, ಚೆಂದ, ಆದರೆ ದೀಪ ಹಾಕಿದರೆ ಅಕ್ಷರ ಕತ್ತಲು, ಸಂದಿಯಲ್ಲಿ ಮಾತ್ರ ಬೆಳಕು. ಪ್ಲಾಸ್ಟಿಕ್ಕಿನ ಜಾತಿಯಲ್ಲಿ ಪಿಬಿಟಿ ತಗೊಳ್ಳಿ. ಎಬಿಎಸ್ ಅನ್ನುವ ಇನ್ನೊಂದು ಜಾತಿ ಬೇಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ಅದೂ ಡಬ್ಲ್ಯೂ ಮೊದಲು.

ನಿಧಾನಿ:

ಸ್ಪೇಸ್‌ಬಾರ್ ಹಳೆಯದೇ ಉಳಿಸುವುದಾದರೆ ಒಂದು ಮಾತು. ಹೊಸ ಕ್ಯಾಪ್ ಗಿಡ್ಡ, ಸ್ಪೇಸ್ ಎತ್ತರ, ಹೆಬ್ಬೆರಳಿಗೆ ಅದರ ಮುಂದಿನ ಅಂಚು ಚುಚ್ಚುತ್ತದೆ. ಕಿತ್ತು ಹಿಂದುಮುಂದು ತಿರುಗಿಸಿ ಹಾಕಿ. ಇಳಿಜಾರು ನಿಮ್ಮ ಕಡೆಗೆ ಬರುತ್ತದೆ. ಕೊಳವೆಗಳು ಎರಡೂ ಕಡೆ ಸಮ ದೂರದಲ್ಲಿದ್ದರೆ ಯಾವ ತೊಂದರೆಯೂ ಇಲ್ಲ, ಅಳೆದು ನೋಡಿಕೊಳ್ಳಿ.

ಟಕಟಕ:

ತಿರುಗಿಸಿದೆ, ಈಗಲೇ. ಹೊಸ ಕ್ಯಾಪ್ ಬರುವ ಮೊದಲೇ. ಇಷ್ಟು ದಿನ ಹೆಬ್ಬೆರಳಿನ ಪಕ್ಕದಲ್ಲಿ ಒಂದು ಗೆರೆ ಬೀಳುತ್ತಿತ್ತು, ಅದು ಇದರಿಂದ ಅಂತ ಇವತ್ತು ಗೊತ್ತಾಯಿತು.

ಚೆರ್ರಿ ಆಕಾರ, ಪಿಬಿಟಿ, ಡಬಲ್‌ಶಾಟ್ ಶೈನ್‌ಥ್ರೂ, ಕಪ್ಪು. ಕೆಳಸಾಲು ಹಳೆಯದೇ. ತೆಳು ಉಂಗುರ ಒಂದು ಪೊಟ್ಟಣ. ಡಬ್ಬಿಯಲ್ಲಿರುವ ಬಿಸ್ಕತ್ತುಗಳನ್ನು ನಿಜವಾಗಿ ಗಿಡ್ಡ ಸ್ವಿಚ್ ಇರುವವರು ಯಾರಾದರೂ ಬೇಕಾದರೆ ಹೇಳಿ, ಸುಮ್ನೆ ಕೊಡುತ್ತೇನೆ. ಮೊದಲು ನಿಮ್ಮ ಸ್ಪೇಸ್‌ಬಾರ್ ಅಳೆದುಕೊಂಡು ಬನ್ನಿ.